ಶಾಪವಿಲ್ಲದ ಶಾಸನ

ನಾನು ಎರಡು ವರ್ಷ ಒಂದು ಸಾಮ್ರಾಜ್ಯದ ಮಂತ್ರಿಯಾಗಿದ್ದೆ. ಉತ್ತರದ ಗಡಿ ಮೇರಿಲ್ಯಾಂಡಿನ ಜರ್ಮನ್‌ಟೌನ್, ದಕ್ಷಿಣದ ಗಡಿ ಅಟ್ಲಾಂಟಾ, ನಡುವೆ ವರ್ಜೀನಿಯಾ ಮತ್ತು ಎರಡು ಕೆರೊಲೈನಾಗಳು. ಪೂರ್ವಕ್ಕೆ ಸಮುದ್ರ. ಅದು ನಮ್ಮ ಅಧೀನದಲ್ಲಿರಲಿಲ್ಲವಾದರೂ ಅದರ ಪರವಾಗಿ ಯಾರೂ ತಕರಾರು ಎತ್ತಲಿಲ್ಲ. ರಾಜಧಾನಿ ಎಂದರೆ ಆಶ್‌ಬರ್ನಿನಲ್ಲಿ ಆಗಷ್ಟೇ ಎದ್ದಿದ್ದ ಒಂದು ಟೌನ್‌ಹೌಸಿನ ಬೇಸ್‌ಮೆಂಟು. ಸಿಂಹಾಸನ ಎಂದರೆ ಒಂದು ಕಂದು ಬಣ್ಣದ ರಿಕ್ಲೈನರು. ಪಕ್ಕದ ಹಿಡಿಕೆ ಎಳೆದರೆ ಚಕ್ರವರ್ತಿಯ ಪಾದಗಳು ತಾವಾಗಿಯೇ ಮೇಲಕ್ಕೆ ಬರುತ್ತಿದ್ದವು. ರೋಮ್ ಕೂಡ ಇಷ್ಟು ಸೌಕರ್ಯ ಕಂಡಿರಲಾರದು.

ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ಮುಗಿದ ಮಾರನೆಯ ವರ್ಷದ ಮಾತು. ಈ ಭಾಗದಲ್ಲಿ ಚದುರಿಹೋಗಿದ್ದ ನಾಲ್ಕಾರು ಕನ್ನಡ ಸಂಘಗಳನ್ನು ಸೇರಿಸಿ ಒಂದೇ ಒಕ್ಕೂಟ ಮಾಡಬೇಕೆಂದು ವಾಷಿಂಗ್ಟನ್ ಕಡೆಯ ಸಂಘದ ಅಧ್ಯಕ್ಷರಿಗೆ ಹೊಳೆಯಿತು. ಹೀಗೆ ಹೊಳೆದದ್ದರಿಂದಲೇ ಪ್ರಪಂಚದ ಎಲ್ಲ ಸಾಮ್ರಾಜ್ಯಗಳೂ ಹುಟ್ಟಿವೆ. ಆ ಸಾಮ್ರಾಜ್ಯ ಈಗಿಲ್ಲ. ಅದಕ್ಕಾಗಿ ಅತ್ತವರನ್ನು ನಾನು ಕಂಡಿಲ್ಲ. ಅದರ ಸೇವೆಯಲ್ಲಿ ನಾನು ಕಳೆದುಕೊಂಡದ್ದು ಒಂದು ಅಡುಗೆಮನೆ. ನನ್ನದಲ್ಲ, ಇನ್ನೊಬ್ಬರದು. ಅದರ ಕಥೆ ಇದು.

ಮಂತ್ರಿಪದವಿಗೆ ನನಗಿದ್ದ ಅರ್ಹತೆಯನ್ನೂ ಹೇಳಿಬಿಡುತ್ತೇನೆ. ತುಮಕೂರಿನ ಒಂದು ಕಾಲೇಜಿನಲ್ಲಿ ಹನ್ನೊಂದು ವರ್ಷ ಪ್ರಾಚೀನ ಇತಿಹಾಸ ಹೇಳಿಕೊಟ್ಟವನು ನಾನು. ರಾಷ್ಟ್ರಕೂಟರು ದೂರದ ಸಾಮಂತರನ್ನು ಹೇಗೆ ಕೈಮೀರದಂತೆ ಇಟ್ಟುಕೊಂಡಿದ್ದರು ಎಂಬುದು ನನ್ನ ಪಿಎಚ್.ಡಿ.ಯ ವಿಷಯ. ಅರ್ಧ ಬರೆದಿದ್ದೆ. ಅಷ್ಟರಲ್ಲಿ ನನ್ನ ಹೆಂಡತಿಗೆ ಜರ್ಮನ್‌ಟೌನಿನ ಹತ್ತಿರದ ಒಂದು ಪ್ರಯೋಗಶಾಲೆಯಲ್ಲಿ ಕೆಲಸ ಸಿಕ್ಕಿತು. ಅವಳ ಹಿಂದೆ ನಾನೂ ಬಂದೆ. ನನ್ನ ಹಿಂದೆ ರಾಷ್ಟ್ರಕೂಟರು ಒಂದು ಸೂಟ್‌ಕೇಸಿನಲ್ಲಿ ಬಂದರು. ಇಲ್ಲಿ ನನಗೆ ದೊರೆತದ್ದು ಸಾರ್ವಜನಿಕ ಗ್ರಂಥಾಲಯದಲ್ಲಿ, ಓದುಗರು ಹಿಂತಿರುಗಿಸಿದ ಪುಸ್ತಕಗಳನ್ನು ಮತ್ತೆ ಕಪಾಟಿನಲ್ಲಿ ಜೋಡಿಸುವ ಉದ್ಯೋಗ. ಪರ್ಷಿಯಾದ ಅರಸರ ಪುಸ್ತಕವನ್ನು ಜೋಡಿಸುವ ಮುನ್ನ ನಿಂತು ಎರಡು ಪುಟ ಓದುತ್ತಿದ್ದ ಏಕೈಕ ನೌಕರ ನಾನೇ ಎಂದು ಮೇಲ್ವಿಚಾರಕಿ ಎರಡು ಸಲ ಹೇಳಿದ್ದಳು. ಅದು ಹೊಗಳಿಕೆಯಾಗಿರಲಿಲ್ಲ.

ಆದರೆ ಈ ದೇಶದಲ್ಲಿ ನಾವು ಮೊದಲು ಕಾಲಿಟ್ಟದ್ದು ಜರ್ಮನ್‌ಟೌನಿನಲ್ಲಿ ಅಲ್ಲ. ಬಂದಿಳಿದಾಗ ಹೆಂಡತಿಯ ಕೆಲಸದ ಕಾಗದಗಳು ಎಲ್ಲೋ ಸಿಕ್ಕಿಹಾಕಿಕೊಂಡು ಎರಡು ತಿಂಗಳು ತಡವಾಯಿತು. ಧಾರವಾಡದ ಹಾಸ್ಟೆಲಿನಲ್ಲಿ ಅವಳ ಜೊತೆಗಿದ್ದ ಗೆಳತಿಯೊಬ್ಬಳು ಉತ್ತರ ಕೆರೊಲೈನಾದಲ್ಲಿ, ಶಾರ್ಲಟ್‌ನಿಂದ ಒಂದು ಗಂಟೆ ದೂರದ ಸಣ್ಣ ಊರಿನಲ್ಲಿದ್ದಳು. ಗಂಡ ಬಾಗಲಕೋಟೆ ಕಡೆಯ ಡಾಕ್ಟರು. ಫೋನಿನಲ್ಲಿ ಅವರು ಆಡಿದ ಮೊದಲ ಮಾತು ಇವತ್ತಿಗೂ ಕಿವಿಯಲ್ಲಿದೆ.

"ಮಾಸ್ತರ, ಹೋಟೆಲ್ ಗೀಟೆಲ್ ಅಂದ್ರ ಸಿಟ್ಟ ಬರತೈತಿ ನೋಡ್ರಿ. ಮನಿ ದೊಡ್ಡದೈತಿ, ಮಾತಾಡಾಕ ಮಂದಿ ಇಲ್ಲ. ಬರ್ರಿ ಸುಮ್ನ."

ಎರಡು ತಿಂಗಳು ಅವರ ಮನೆಯ ಅನ್ನ ತಿಂದೆವು. ಅನ್ನ ಎನ್ನುವುದು ತಪ್ಪು. ತಿಂದದ್ದು ಜೋಳದ ರೊಟ್ಟಿ. ಭಾನುವಾರ ಬೆಳಿಗ್ಗೆ ಸುತ್ತಮುತ್ತಲ ಐದಾರು ಮನೆಯವರು ಅಲ್ಲಿ ಸೇರುತ್ತಿದ್ದರು. ಊರಿಂದ ಯಾರು ಬಂದರೂ ಜೋಳದ ಹಿಟ್ಟು ತರಬೇಕೆಂಬುದು ಅಲ್ಲಿಯ ಅಲಿಖಿತ ಕಾನೂನು. ಹೆಂಗಸರು ರೊಟ್ಟಿ ಬಡಿಯಲು ಕೂತರೆ ಮಕ್ಕಳು ಕೈ ಹಾಕಿ ರಾಡಿ ಮಾಡುತ್ತಿದ್ದವು. ಒಂದು ದಿನ ಡಾಕ್ಟರು ತಾಯಂದಿರನ್ನೆಲ್ಲ ಎಬ್ಬಿಸಿ ಹೊರಗೆ ಕಳಿಸಿ, ಮಕ್ಕಳನ್ನೇ ಸಾಲಾಗಿ ಕೂರಿಸಿ, ಹಿಟ್ಟಿನ ಮುದ್ದೆ ಕೊಟ್ಟು ಒಂದು ನಿಯಮ ಸಾರಿದರು: ಹಂಚಿನ ಮುಂದೆ ಕನ್ನಡ ಮಾತ್ರ. ಇಂಗ್ಲಿಷ್ ಪದ ಆಡಿದವರ ರೊಟ್ಟಿ ಪಕ್ಕದವರಿಗೆ.

ಹೀಗೆ ಶುರುವಾಯಿತು ಆ ಕನ್ನಡ ಶಾಲೆ. ಪುಸ್ತಕವಿಲ್ಲ, ಬೋರ್ಡಿಲ್ಲ. ರೊಟ್ಟಿ ಬೇಯುವವರೆಗೆ ರಾಜರ ಕಥೆ ಹೇಳುವುದು ನನ್ನ ಪಾಲಿಗೆ ಬಂತು. ತುಮಕೂರಿನಲ್ಲಿ ಹನ್ನೊಂದು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಅಷ್ಟು ಕಣ್ಣರಳಿಸಿ ನೋಡಿರಲಿಲ್ಲ.

ಒಂಬತ್ತು ವರ್ಷದ ಹುಡುಗಿಯೊಬ್ಬಳು ಹಿಟ್ಟು ಮೆತ್ತಿದ ಕೈಯೆತ್ತಿ ಕೇಳಿದಳು: "ಅಂಕಲ್, ಕಿಂಗ್ ಕಡೆ ಫೋನ್ ಇಲ್ಲ. ದೂರ ಇರೋ ಮಂದಿ ತಪ್ಪ ಮಾಡಿದ್ರ ಅವಗ ಹೆಂಗ ಗೊತ್ತು?"

"ಫೋನ್ ಮಾಫಿ," ಎಂದರು ಡಾಕ್ಟರು. "ಕಿಂಗ್ ಮಾಫಿ ಇಲ್ಲ. ರಾಜಾ ಅನ್ನಾಕ ಏನಾಗಿತ್ತು? ರೊಟ್ಟಿ ಈ ಕಡಿ ಸರಸು."

ನಾನು ಗಂಭೀರವಾಗಿ ಉತ್ತರ ಕೊಟ್ಟೆ. ದೊಡ್ಡ ರಾಜರೆಲ್ಲ ಒಬ್ಬ ಮನುಷ್ಯನನ್ನು ಕಳಿಸುತ್ತಿದ್ದರು. ಪರ್ಷಿಯಾದಲ್ಲಿ ಅವನನ್ನು ರಾಜನ ಕಣ್ಣು ಎನ್ನುತ್ತಿದ್ದರು. ಅವನು ಅತಿಥಿಯಂತೆ ಬರುತ್ತಾನೆ, ಉಣ್ಣುತ್ತಾನೆ, ಎಲ್ಲ ನೋಡುತ್ತಾನೆ, ಹಿಂತಿರುಗಿ ಹೋಗಿ ರಾಜನಿಗೆ ಬರೆದು ತಿಳಿಸುತ್ತಾನೆ.

ಹುಡುಗಿ ಸ್ವಲ್ಪ ಯೋಚಿಸಿದಳು. "ಇಲ್ಲೆ ಊಟ ಮಾಡಿ, ಅಲ್ಲಿ ಹೋಗಿ ಚಾಡಿ ಹೇಳ್ತಾನ?"

"ಹ್ಞೂಂ."

"ಅವ ಚಲೋ ಮನಷ್ಯಾ ಅಲ್ಲ," ಎಂದು ತೀರ್ಪು ಕೊಟ್ಟು ಹಿಟ್ಟು ಬಡಿಯತೊಡಗಿದಳು. ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

ಜರ್ಮನ್‌ಟೌನಿಗೆ ಹೋದ ಮೇಲೂ ಎರಡು ಮೂರು ತಿಂಗಳಿಗೊಮ್ಮೆ ಏಳು ಗಂಟೆ ಕಾರು ಓಡಿಸಿಕೊಂಡು ಆ ಅಡುಗೆಮನೆಗೆ ಹೋಗುತ್ತಿದ್ದೆವು. ಹೊರಡುವಾಗ ಡಾಕ್ಟರ ಹೆಂಡತಿ ಖಡಕ್ ರೊಟ್ಟಿಯ ಒಂದು ಕಟ್ಟು, ಶೇಂಗಾ ಚಟ್ನಿಯ ಒಂದು ಡಬ್ಬಿ ಕಾರಿನ ಹಿಂದಿನ ಸೀಟಿನಲ್ಲಿ ಇಡುತ್ತಿದ್ದರು. ಕೇಳಿ ಇಡುತ್ತಿರಲಿಲ್ಲ, ಬೇಡವೆನ್ನುವ ಅವಕಾಶ ನಮಗೆ ಆರು ವರ್ಷದಲ್ಲಿ ಒಮ್ಮೆಯೂ ಸಿಗಲಿಲ್ಲ.

ಇನ್ನು ಸಾಮ್ರಾಜ್ಯಕ್ಕೆ ಬರುತ್ತೇನೆ. ಅಧ್ಯಕ್ಷರು ಬೆಂಗಳೂರಿನವರು, ವಾಷಿಂಗ್ಟನ್ನಿನ ಒಂದು ದೊಡ್ಡ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಎದೆಯನ್ನು ಮುಂದಕ್ಕೆ ಕಳಿಸಿ, ಅದು ತಲುಪಿದ ಮೇಲೆ ತಾವು ಹೊರಡುವಂತಹ ನಡಿಗೆ. ನನ್ನನ್ನು ಆಶ್‌ಬರ್ನಿಗೆ ಕರೆಸಿ, ರಿಕ್ಲೈನರಿನ ಹಿಡಿಕೆ ಎಳೆದು, ಹಳದಿ ಪ್ಯಾಡ್ ತೊಡೆಯ ಮೇಲಿಟ್ಟುಕೊಂಡರು.

"ಮೇಷ್ಟ್ರೇ, ನಿಮ್ಮ ಸಬ್ಜೆಕ್ಟೇ ಇದು. ಅಟ್ಲಾಂಟಾದವರು ಒಂದು ಕಡೆ ಎಳೀತಾರೆ, ಕೆರೊಲೈನಾದವರು ಇನ್ನೊಂದು ಕಡೆ. ಹಳೇ ಕಾಲದ ರಾಜರು ಇಂಥವರನ್ನೆಲ್ಲ ಹೇಗೆ ಮ್ಯಾನೇಜ್ ಮಾಡ್ತಿದ್ರು? ಪ್ರಾಕ್ಟಿಕಲ್ ಆಗಿ ಹೇಳಿ."

ಆರು ವರ್ಷಗಳಿಂದ ಯಾರೂ ನನ್ನನ್ನು ಏನನ್ನೂ ಕೇಳಿರಲಿಲ್ಲ, ಶೌಚಾಲಯ ಎಲ್ಲಿದೆ ಎಂಬ ಗ್ರಂಥಾಲಯದ ಪ್ರಶ್ನೆಯೊಂದನ್ನು ಬಿಟ್ಟರೆ. ಒಂದೂವರೆ ಗಂಟೆ ಮಾತಾಡಿದೆ. ಚೀನಾದ ಅರಸರು ಯಾವ ಅಧಿಕಾರಿಯನ್ನೂ ಅವನ ಹುಟ್ಟೂರಿಗೆ ನೇಮಿಸುತ್ತಿರಲಿಲ್ಲ; ನೆಂಟರಿಷ್ಟರ ನಡುವೆ ನ್ಯಾಯ ನಿಲ್ಲುವುದಿಲ್ಲವೆಂದು. ಪರ್ಷಿಯಾದವರು ಒಂದು ಪ್ರಾಂತ್ಯಕ್ಕೆ ಆಳುವವನೊಬ್ಬ, ಸೈನ್ಯಕ್ಕೆ ಇನ್ನೊಬ್ಬ ಎಂದು ನೇಮಿಸಿ, ಇಬ್ಬರೂ ಒಬ್ಬರನ್ನೊಬ್ಬರು ನಂಬದಂತೆ ನೋಡಿಕೊಂಡು, ತಾವು ನೆಮ್ಮದಿಯಾಗಿದ್ದರು. ಮೌರ್ಯರು ಅಧಿಕಾರಿಗಳನ್ನು ಸಂಚಾರಕ್ಕೆ ಕಳಿಸುತ್ತಿದ್ದರು. ನಮ್ಮವರ ರೀತಿಯೇ ಬೇರೆ. ಸೋತ ಅರಸನನ್ನು ಕೆಳಗಿಳಿಸುತ್ತಿರಲಿಲ್ಲ. ಅವನ ನಾಡು ಅವನಿಗೇ ಬಿಟ್ಟು, ಮೇಲೊಂದು ಬಿರುದು ಕೊಟ್ಟು, ಪಂಚಮಹಾಶಬ್ದ ಎಂದು ಐದು ವಾದ್ಯಗಳನ್ನು ಮೊಳಗಿಸಿಕೊಳ್ಳುವ ಹಕ್ಕು ಕೊಡುತ್ತಿದ್ದರು. ಬಾಜಾ ಬಜಂತ್ರಿಯ ಸದ್ದಿನಲ್ಲಿ ಅವನಿಗೆ ತಾನು ಸೋತದ್ದು ಕೇಳಿಸುತ್ತಿರಲಿಲ್ಲ. ವಿಜಯನಗರದವರು ವರ್ಷಕ್ಕೊಮ್ಮೆ ಮಹಾನವಮಿಗೆ ಎಲ್ಲರನ್ನೂ ಕಾಣಿಕೆಯೊಂದಿಗೆ ರಾಜಧಾನಿಗೆ ಕರೆಸುತ್ತಿದ್ದರು. ಯಾರು ಬರಲಿಲ್ಲ ಎಂಬುದನ್ನು ನೋಡುವುದಕ್ಕೇ ಆ ಹಬ್ಬ.

"ಅಂದ್ರೆ ಟೈಟಲ್ ಕೊಡಬೇಕು, ವರ್ಷಕ್ಕೊಂದು ಫಂಕ್ಷನ್ನು, ಆಮೇಲೆ ಇನ್ಸ್‌ಪೆಕ್ಷನ್ನು," ಎಂದು ಬರೆದುಕೊಂಡರು. ಮೂರು ಸಾವಿರ ವರ್ಷದ ರಾಜನೀತಿ ಹಳದಿ ಪ್ಯಾಡಿನ ಮೂರು ಸಾಲಿಗೆ ಇಳಿಯಿತು. ಅದರಲ್ಲಿ ಬಿಟ್ಟುಹೋದದ್ದು ಒಂದೇ: ಅವರ ನಾಡನ್ನು ಅವರಿಗೇ ಬಿಡಬೇಕು ಎಂಬುದು. ಅದನ್ನು ಬರೆದುಕೊಳ್ಳಲಿಲ್ಲ ಎಂದು ನಾನು ಗಮನಿಸಿದೆ. ಹೇಳಲಿಲ್ಲ. ಆ ಗಳಿಗೆಯಲ್ಲಿ ನನ್ನನ್ನು ಕಾರ್ಯದರ್ಶಿಯನ್ನಾಗಿ ನೇಮಿಸಿದರು.

ಪ್ರತಿ ಸಂಘಕ್ಕೂ ಒಂದೊಂದು ಒಪ್ಪಂದಪತ್ರ ಬರೆಯುವ ಕೆಲಸ ನನ್ನ ಮೇಲೆ ಬಿತ್ತು. ಹಳೆಯ ತಾಮ್ರಶಾಸನಗಳ ಧಾಟಿಯಲ್ಲಿ ಬರೆದೆ. ಅಟ್ಲಾಂಟಾದವರು ಓದದೆಯೇ ಸಹಿ ಹಾಕಿ ಅದೇ ದಿನ ಫ್ಯಾಕ್ಸ್ ಮಾಡಿದರು. ಮುಂದೆ ಎರಡು ವರ್ಷ ಕಳಿಸಿದ ಪ್ರತಿ ಸುತ್ತೋಲೆಗೂ "ತುಂಬಾ ಸಂತೋಷ" ಎಂದು ಉತ್ತರಿಸಿ, ತಮಗೆ ಬೇಕಾದ್ದನ್ನೇ ಮಾಡಿಕೊಂಡಿದ್ದರು. ಕೊನೆಯವರೆಗೂ ಸ್ವತಂತ್ರವಾಗಿ ಉಳಿದವರು ಅವರೊಬ್ಬರೇ. ದೂರದ ಸಾಮಂತರ ಬುದ್ಧಿವಂತಿಕೆಯ ಮೇಲೆ ಒಂದು ಅಧ್ಯಾಯವನ್ನೇ ಬರೆದಿದ್ದ ನಾನು ಅದನ್ನು ಆಗ ನೆನಪಿಸಿಕೊಳ್ಳಲಿಲ್ಲ.

ಕೆರೊಲೈನಾ ಸಂಘದ ಮುಖ್ಯಸ್ಥರಾಗಿದ್ದ ನಮ್ಮ ಡಾಕ್ಟರು ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. ನಾನೇ ಹೋದೆ. ಅಡುಗೆಮನೆಯ ಮೇಜಿನ ಮೇಲೆ ಪತ್ರ ಹರಡಿ ಒಂದೊಂದು ಸಾಲೂ ಓದಿಸಿಕೊಂಡರು.

"ಮಾಸ್ತರ, ನನಗ ಉಪಾಧ್ಯಕ್ಷಗಿರಿ ಬ್ಯಾಡ. ಸಂಘಾನೂ ಅವರ ತೊಗೊಳ್ಳಿ. ಈ ರವಿವಾರದ ಸಾಲಿ ಒಂದ ನಮ್ಮ ಕೈಯಾಗ ಇರಲಿ. ಅಷ್ಟ ಬರೀರಿ."

ಬರೆದೆ. "ಕೆರೊಲೈನಾದ ಭಾನುವಾರದ ಶಾಲೆ ಸೂರ್ಯಚಂದ್ರರಿರುವವರೆಗೆ ಅವರದೇ ಆಗಿರತಕ್ಕದ್ದು, ಒಕ್ಕೂಟ ಅದರಲ್ಲಿ ಕೈಹಾಕತಕ್ಕದ್ದಲ್ಲ." ಅವರು ಸಹಿ ಹಾಕಲು ಪೆನ್ನು ತೆಗೆದು, ಮತ್ತೆ ನಿಂತರು.

"ಹೌದಲ್ರಿ, ಶಾಸನದ ಕಡೀಕ ಒಂದ ಶಾಪ ಇರತೈತಿ ಅಂತ ಹುಡುಗರಿಗೆ ಹೇಳಿದ್ರಿ. ಕೊಟ್ಟ ದಾನಾ ಕಸಗೊಂಡಾವ ಅರವತ್ತು ಸಾವಿರ ವರ್ಷ ಹುಳಾ ಆಗಿ ಹುಟ್ಟತಾನ ಅಂತ. ಅದೆಲ್ಲೈತಿ ಇದರಾಗ?"

"ನಮ್ಮ ನಮ್ಮಲ್ಲಿ ಶಾಪ ಯಾಕೆ ಡಾಕ್ಟ್ರೇ?" ಎಂದೆ.

"ಅದೂ ಖರೇನ," ಎಂದು ಸಹಿ ಹಾಕಿದರು.

ಮೊದಲ ಸಮ್ಮೇಳನ ಜರ್ಮನ್‌ಟೌನಿನ ಒಂದು ಶಾಲೆಯ ಸಭಾಂಗಣದಲ್ಲಿ ನಡೆಯಿತು. ಮಹಾನವಮಿಯ ಮಾದರಿಯಲ್ಲೇ ನಾನು ಅದನ್ನು ರೂಪಿಸಿದ್ದೆ. ಸಾಮಂತರಿಗೆ ಮುಂದಿನ ಸಾಲಿನ ಕುರ್ಚಿ. ಪಂಚಮಹಾಶಬ್ದಕ್ಕೆ ಬದಲಾಗಿ ಮೈಕಿನ ಮುಂದೆ ಐದು ನಿಮಿಷ. ಪ್ರತಿ ಪ್ರಾಂತ್ಯವೂ ತನ್ನ ಪಾಲಿನ ಅಡುಗೆ ತರಬೇಕು. ಪಾಟ್‌ಲಕ್ ಎಂದು ಇಲ್ಲಿ ಕರೆಯುವುದನ್ನು ಹಿಂದಿನವರು ಕಪ್ಪಕಾಣಿಕೆ ಎನ್ನುತ್ತಿದ್ದರು. ರಾಜಧಾನಿಯ ಬಿಸಿಬೇಳೆಭಾತು ಮೂರು ದೊಡ್ಡ ಪಾತ್ರೆಗಳಲ್ಲಿ ಬಂದು ಕೂತಿತು. ಕೆರೊಲೈನಾದಿಂದ ಮುನ್ನೂರು ಖಡಕ್ ರೊಟ್ಟಿ, ಎಣಗಾಯಿ. ರೊಟ್ಟಿ ಅರ್ಧ ಗಂಟೆಯಲ್ಲಿ ಖಾಲಿಯಾಯಿತು. ಬಿಸಿಬೇಳೆಭಾತನ್ನು ಸಂಜೆ ಎಲ್ಲರೂ ಒತ್ತಾಯದಿಂದ ಮನೆಗೆ ಕೊಂಡೊಯ್ಯಬೇಕಾಯಿತು.

ಅದನ್ನಾದರೂ ಕ್ಷಮಿಸಬಹುದಿತ್ತು. ಮಕ್ಕಳ ಕಾರ್ಯಕ್ರಮದಲ್ಲಿ ರಾಜಧಾನಿಯ ಮಕ್ಕಳು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ ಕನ್ನಡ ಭಾಷಣ ಓದಿದರು. ಅಧ್ಯಕ್ಷರ ಮಗಳು ಮೂರನೆಯ ಸಾಲಿನಲ್ಲಿ ನಿಂತುಹೋಗಿ, "ಡ್ಯಾಡಿ, ಐ ಕಾಂಟ್ ರೀಡ್ ದಿಸ್," ಎಂದು ಮೈಕಿನಲ್ಲೇ ಹೇಳಿದಳು. ಅನಂತರ ಕೆರೊಲೈನಾದ ಆ ಹುಡುಗಿ ಬಂದಳು. ಈಗ ಅವಳು ಎತ್ತರವಾಗಿದ್ದಳು. ಕೈಯಲ್ಲಿ ಕಾಗದವಿರಲಿಲ್ಲ. ರೊಟ್ಟಿ ಯಾಕೆ ಒಡೆಯುತ್ತದೆ, ಒಡೆದರೆ ಯಾರು ಬಯ್ಯುತ್ತಾರೆ, ಒಡೆದದ್ದನ್ನು ಯಾರು ತಿನ್ನುತ್ತಾರೆ ಎಂದು ಐದು ನಿಮಿಷ ಮಾತಾಡಿದಳು. ಸಭೆ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷರು ಚಪ್ಪಾಳೆ ತಟ್ಟುತ್ತಿದ್ದರು, ಕೈಗಳಷ್ಟೇ ತಟ್ಟುತ್ತಿದ್ದವು.

ಹದಿನೈದು ದಿನದಲ್ಲಿ ಸುತ್ತೋಲೆ ಹೊರಟಿತು. ಸಾಮ್ರಾಜ್ಯಕ್ಕೆಲ್ಲ ಒಂದೇ ಪಠ್ಯಪುಸ್ತಕ, ಒಂದೇ ಪರೀಕ್ಷೆ, ಕೊನೆಗೆ ಒಂದು ಪ್ರಮಾಣಪತ್ರ. ನನಗೆ ಹೇಳಿದರು: "ಮೇಷ್ಟ್ರೇ, ಕೆರೊಲೈನಾದ ಕ್ಲಾಸಿಗೆ ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ. ಜಸ್ಟ್ ಒಂದು ರಿಪೋರ್ಟ್. ನಿಮ್ಮ ಫ್ರೆಂಡೇ ಅಲ್ವಾ, ಬೇರೆಯವರು ಹೋದ್ರೆ ಅವರಿಗೆ ಬೇಜಾರಾಗುತ್ತೆ."

ಹೋದೆ. ಎಂದಿನಂತೆ ಕೂರಿಸಿದರು, ಎಂದಿನಂತೆ ಉಣ್ಣಿಸಿದರು. ನಾನು ಕಾರ್ಯದರ್ಶಿಯಾಗಿ ಬಂದಿದ್ದೇನೆಂದು ಹೇಳಿದಾಗ ಡಾಕ್ಟರು ಎದ್ದು ನಿಂತು ನನಗೆ ಮುಜುರೆ ಮಾಡಿ, ಅಡುಗೆಮನೆಯ ಈ ತುದಿಯಿಂದ ಆ ತುದಿಯವರೆಗೆ ಅಧ್ಯಕ್ಷರ ನಡಿಗೆಯನ್ನು ನಡೆದು ತೋರಿಸಿದರು. ಎದೆ ಮೊದಲು, ಆಮೇಲೆ ಮನುಷ್ಯ. ಮಕ್ಕಳು ಹಿಟ್ಟಿನ ಮೇಲೆ ಬಿದ್ದು ಹೊರಳಾಡಿದರು. ನನ್ನ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಹೊರಡುವಾಗ ಹಿಂದಿನ ಸೀಟಿನಲ್ಲಿ ರೊಟ್ಟಿಯ ಕಟ್ಟು ಕೂತಿತ್ತು.

ಮನೆಗೆ ಬಂದು ವರದಿ ಬರೆದೆ. ಹುಸಿ ಗಾಂಭೀರ್ಯ ನನ್ನ ಬರವಣಿಗೆಗೆ ಅಂಟಿದ ಹಳೆಯ ಚಟ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅದಕ್ಕೆ ಒಳ್ಳೆಯ ಹೆಸರಿತ್ತು. ಮೂರು ಪುಟ ಬರೆದೆ. ಒಂದೊಂದು ವಾಕ್ಯಕ್ಕೂ ನಾನೇ ನಕ್ಕೆ.

"ಸದರಿ ಪಾಠಶಾಲೆಯಲ್ಲಿ ಪುಸ್ತಕವೆಂಬ ವಸ್ತು ಎಲ್ಲಿಯೂ ಕಣ್ಣಿಗೆ ಬೀಳಲಿಲ್ಲ. ಹಾಜರಿ ತೆಗೆಯುವ ಪದ್ಧತಿ ಇಲ್ಲ. ವಿದ್ಯಾರ್ಥಿಗಳ ಕೈಗಳು ಮೊಣಕೈವರೆಗೆ ಹಿಟ್ಟಿನಲ್ಲಿರುವ ಕಾರಣ ಪೆನ್ಸಿಲ್ ಹಿಡಿಯುವ ಪ್ರಶ್ನೆ ಉದ್ಭವಿಸುವುದಿಲ್ಲ. ತಪ್ಪು ಮಾಡಿದ ಮಕ್ಕಳ ಬಾಯಿಂದ ಆಹಾರ ಕಸಿಯುವ ಶಿಕ್ಷೆ ಜಾರಿಯಲ್ಲಿದೆ. ಮುಖ್ಯೋಪಾಧ್ಯಾಯರು ಒಕ್ಕೂಟದ ಅಧ್ಯಕ್ಷರ ನಡಿಗೆಯನ್ನು ಅಭಿನಯಿಸಿ ತೋರಿಸಿದಾಗ ಇಡೀ ಶಾಲೆ ನಕ್ಕಿತು. ಪರಿವೀಕ್ಷಕರು ಕರ್ತವ್ಯದ ದೃಷ್ಟಿಯಿಂದ ನಗುವನ್ನು ತಡೆದುಕೊಂಡರು."

ಹೀಗೆ ಎರಡು ಪುಟ. ಮೂರನೆಯ ಪುಟದಲ್ಲಿ ನಾಟಕ ಬಿಟ್ಟು ಸರಳವಾಗಿ ಬರೆದಿದ್ದೆ. ಇಡೀ ಒಕ್ಕೂಟದಲ್ಲಿ ಮಕ್ಕಳು ಕನ್ನಡದಲ್ಲಿ ಜಗಳವಾಡುವುದನ್ನು ನಾನು ಕಂಡದ್ದು ಅಲ್ಲೊಂದೇ ಕಡೆ, ಅದನ್ನು ಮುಟ್ಟಬಾರದು, ಸಾಧ್ಯವಾದರೆ ರಾಜಧಾನಿಯ ಮಕ್ಕಳನ್ನೂ ಅಲ್ಲಿಗೆ ಕಳಿಸಬೇಕು.

ಹೆಂಡತಿ ಓದಿದಳು. ಅವಳು ನಗಲಿಲ್ಲ.

"ರೀ, ಇದನ್ನ ಕಳಿಸ್ಬೇಡಿ."

"ಯಾಕೆ? ಕೊನೇ ಪುಟ ಓದಿದ್ಯಾ?"

"ಓದಿದೆ. ಅದನ್ನ ಮಾತ್ರ ಕಳಿಸಿ. ಆ ನಡಿಗೆ ವಿಷಯ ಯಾಕೆ ಬರೆದ್ರಿ? ಅವರ ಮನೇಲಿ ಕೂತು ಉಂಡು ನಕ್ಕಿದ್ದಲ್ವಾ ಅದು?"

"ತಮಾಷೆ ಕಣೆ. ಓದಿದವರಿಗೆ ಗೊತ್ತಾಗುತ್ತೆ."

"ಓದೋರು ಯಾರು ಅಂತ ನೋಡಿದ್ದೀರಾ?"

ನನಗೆ ಆ ವಾಕ್ಯಗಳ ಮೇಲೆ ಪ್ರೀತಿ ಬಂದುಬಿಟ್ಟಿತ್ತು. ಕಳಿಸಿದೆ.

ಸಾಮಾನ್ಯ ಸಭೆ ಅದೇ ಸಭಾಂಗಣದಲ್ಲಿ. ಸುಮಾರು ನಲವತ್ತು ಜನ. ಕೆರೊಲೈನಾದಿಂದ ಯಾರೂ ಬಂದಿರಲಿಲ್ಲ. ಡಾಕ್ಟರಿಗೆ ಅಂದು ಆಸ್ಪತ್ರೆಯ ಪಾಳಿ. ಅಧ್ಯಕ್ಷರು ಮೊದಲು ಒಂದು ಘೋಷಣೆ ಮಾಡಿದರು: ಮುಂದಿನ ಸಮ್ಮೇಳನದಲ್ಲಿ, ಪ್ರಾಚೀನ ಅರಸರು ವಿಶಾಲ ಸಾಮ್ರಾಜ್ಯಗಳನ್ನು ಆಳಿದ ಬಗೆಯನ್ನು ಕುರಿತು ನಮ್ಮ ಮೇಷ್ಟ್ರಿಂದ ಒಂದು ಗಂಟೆಯ ವಿಶೇಷ ಉಪನ್ಯಾಸ. ಜನ ತಿರುಗಿ ನನ್ನನ್ನು ನೋಡಿದರು. ಚಪ್ಪಾಳೆ ತಟ್ಟಿದರು. ಒಂದು ಮೇಜು, ಒಂದು ಲೋಟ ನೀರು, ಎದುರಿಗೆ ಕೂತ ಜನ. ಆರು ವರ್ಷದಿಂದ ಪುಸ್ತಕ ಜೋಡಿಸುತ್ತಿದ್ದವನಿಗೆ ಅದು ಎಂಥ ಚಿತ್ರವೆಂದು ವಿವರಿಸುವುದಿಲ್ಲ.

ಅದಾದ ಮೇಲೆ ಅವರು ನನ್ನ ವರದಿಯನ್ನು ಕೈಗೆತ್ತಿಕೊಂಡು ಓದಿದರು. ನನ್ನ ಹುಸಿ ಗಾಂಭೀರ್ಯವನ್ನು ಅಸಲಿ ಗಾಂಭೀರ್ಯದಿಂದ ಓದಿದರು. ಒಂದು ಪದ ತಿರುಚಲಿಲ್ಲ, ಒಂದು ಪದ ಸೇರಿಸಲಿಲ್ಲ. ಸಭೆಯಲ್ಲಿ ಒಬ್ಬ ತಾಯಿ, "ಅಯ್ಯೋ, ಊಟ ಕಿತ್ಕೋತಾರಂತಾ? ಇಲ್ಲಿ ಅದೆಲ್ಲ ಕೇಸ್ ಆಗುತ್ತೆ!" ಎಂದಳು. ನಡಿಗೆಯ ಸಾಲು ಬಂದಾಗ ಯಾರೂ ನಗಲಿಲ್ಲ. ಎರಡನೆಯ ಪುಟ ಮುಗಿಯಿತು. ಅಧ್ಯಕ್ಷರು ಕಾಗದಗಳನ್ನು ಮೇಜಿನ ಮೇಲೆ ತಟ್ಟಿ ಅಂಚು ಸರಿಮಾಡಿ, ಮಗುಚಿ ಇಟ್ಟರು.

"ಇದು ನಮ್ಮ ಕಾರ್ಯದರ್ಶಿಗಳೇ ಕಣ್ಣಾರೆ ಕಂಡದ್ದು. ಅವರ ಆಪ್ತಮಿತ್ರರ ಕ್ಲಾಸು. ಆದ್ರೂ ಮುಲಾಜಿಲ್ಲದೆ ಬರೆದಿದ್ದಾರೆ. ಅಲ್ವಾ ಮೇಷ್ಟ್ರೇ?"

ಮೂರನೆಯ ಪುಟ ಇದೆ ಎಂದು ಹೇಳಲು ಎದ್ದು ನಿಲ್ಲಬೇಕಿತ್ತು. ಕುರ್ಚಿಯ ಕೈಯ ಮೇಲೆ ಕೈ ಊರಿದ್ದೂ ನಿಜ. ಮತ್ತೆ ಸಡಿಲಬಿಟ್ಟೆ. ಕೆರೊಲೈನಾದ ಶಾಲೆಗೆ ಮಾನ್ಯತೆ ಇಲ್ಲವೆಂದೂ, ಶಾರ್ಲಟ್‌ನಲ್ಲಿ ಚರ್ಚಿನ ಒಂದು ಕೋಣೆಯಲ್ಲಿ ಒಕ್ಕೂಟದ ವತಿಯಿಂದ ಹೊಸ ತರಗತಿ ತೆರೆಯುವುದೆಂದೂ, ಪ್ರಮಾಣಪತ್ರ ಅಲ್ಲಿ ಕಲಿತವರಿಗೆ ಮಾತ್ರವೆಂದೂ ತೀರ್ಮಾನವಾಯಿತು. ನಡಾವಳಿಗೆ ಕಾರ್ಯದರ್ಶಿ ಸಹಿ ಹಾಕಬೇಕು. ಹಾಕಿದೆ. ಡಾಕ್ಟರ ಸೇವೆಯನ್ನು ಗುರುತಿಸಿ ಒಂದು ಫಲಕ ಕೊಡುವುದೆಂದೂ ತೀರ್ಮಾನವಾಯಿತು. ಸೋತವನಿಗೆ ಬಿರುದು ಕೊಡುವ ಪದ್ಧತಿಯನ್ನು ನಾನೇ ಹೇಳಿಕೊಟ್ಟಿದ್ದೆನಲ್ಲ. ಫಲಕದ ಒಕ್ಕಣೆಯನ್ನೂ ನಾನೇ ಬರೆದೆ. "ಕನ್ನಡ ಕಟ್ಟಿದ ಧೀಮಂತ" ಎಂದು.

ತಾಯಿತಂದೆಗಳು ಕೆಟ್ಟವರಲ್ಲ. ಪ್ರಮಾಣಪತ್ರವಿದ್ದರೆ ಮುಂದೆ ಕಾಲೇಜಿಗೆ ಅಪ್ಲೈ ಮಾಡುವಾಗ ಉಪಯೋಗಕ್ಕೆ ಬಂದೀತು ಎಂದು ಯಾರೋ ಅಂದರು. ಒಂದೊಂದೇ ಮನೆ ಚರ್ಚಿನ ಕೋಣೆಗೆ ಹೋಯಿತು. ಕೊನೆಗೆ ಆ ಅಡುಗೆಮನೆಯಲ್ಲಿ ಉಳಿದದ್ದು ಹಂಚೊಂದೇ ಎಂದು ಹೆಂಡತಿಗೆ ಅವಳ ಗೆಳತಿಯಿಂದ ತಿಳಿಯಿತು. ಆ ಫೋನು ಎರಡೇ ನಿಮಿಷದಲ್ಲಿ ಮುಗಿದಿತ್ತು.

ಫಲಕವನ್ನು ಅಂಚೆಯಲ್ಲಿ ಕಳಿಸಬಹುದಿತ್ತು. ನಾನೇ ಕೊಂಡೊಯ್ದೆ. ಹೆಂಡತಿ ಬರಲಿಲ್ಲ, "ನನಗೆ ಅವಳ ಮುಖ ನೋಡೋಕಾಗಲ್ಲ," ಎಂದಳು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಂಡೆ. ಮೂರನೆಯ ಪುಟದ ಒಂದು ಪ್ರತಿಯನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೆ.

ಮಧ್ಯಾಹ್ನ ತಲುಪಿದೆ. ಡಾಕ್ಟರು ಬಾಗಿಲು ತೆರೆದು, "ಬರ್ರಿ," ಎಂದರು. ಮಾಸ್ತರ ಎನ್ನಲಿಲ್ಲ. ಅವರ ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದರು. ಅಡುಗೆಮನೆ ಚೊಕ್ಕಟವಾಗಿತ್ತು. ಆ ನೆಲದ ಬಣ್ಣ ತಿಳಿಹಸಿರು ಎಂದು ನನಗೆ ಗೊತ್ತಾದದ್ದು ಅವತ್ತೇ; ಅದುವರೆಗೆ ಅದನ್ನು ಹಿಟ್ಟಿಲ್ಲದೆ ನೋಡಿರಲಿಲ್ಲ.

ಫಲಕವನ್ನು ಅವರು ಎರಡೂ ಕೈಯಲ್ಲಿ ಹಿಡಿದು ಓದಿದರು. "ಬರದಾವರು ನೀವ ಅಲ್ಲ?"

"ಹೌದು."

"ಗೊತ್ತಾತು. ಚಲೋ ಬರೀತೀರಿ ನೀವು. ವರದಿನೂ ಚಲೋ ಬರದಿದ್ರಿ. ನನಗೊಂದು ಕಾಪಿ ಕಳಿಸ್ಯಾರ. ಓದಿ ನಾನೂ ನಕ್ಕೆ ನೋಡ್ರಿ, ಮದಲನೇ ಪುಟದ ತನಕ."

ನಾನು ಜೇಬಿನಿಂದ ಕಾಗದ ತೆಗೆದೆ. "ಡಾಕ್ಟ್ರೇ, ಇನ್ನೊಂದು ಪುಟ ಇತ್ತು. ಅದನ್ನ ಅವರು ಓದಲೇ ಇಲ್ಲ."

ಅವರು ಅದನ್ನೂ ತಾಳ್ಮೆಯಿಂದ ಓದಿದರು. ಮಡಚಿ ನನ್ನ ಮುಂದೆ ಇಟ್ಟರು.

"ಸಭಾದಾಗ ನೀವು ಇದ್ರಿ?"

"ಇದ್ದೆ."

"ಅವರು ಓದಲಿಲ್ಲ. ಆತು. ನೀವು ಎದ್ದು ಓದಬಹುದಿತ್ತಲ್ರಿ?"

ನನಗೆ ಉಪನ್ಯಾಸದ ವಿಷಯ ನೆನಪಾಯಿತು. ಚಹಾ ಕುಡಿದೆ.

ಡಾಕ್ಟರು ಎದ್ದು ಡ್ರಾಯರಿನಿಂದ ಹಳೆಯ ಒಪ್ಪಂದಪತ್ರ ತೆಗೆದು ಮೇಜಿನ ಮೇಲೆ ಹರಡಿದರು. ಸೂರ್ಯಚಂದ್ರರಿದ್ದ ಸಾಲಿನ ಮೇಲೆ ಒಣಗಿದ ಹಿಟ್ಟಿನ ಒಂದು ಬೆರಳಗುರುತು ಇತ್ತು. ಜೇಬಿನಿಂದ ಪೆನ್ನು ತೆಗೆದು ನನ್ನ ಕಡೆ ನೂಕಿದರು.

"ಅವತ್ತು ಶಾಪ ಬರಿಯೋದು ಬಿಟ್ಟಿದ್ರಿ. ಈಗರ ಬರೀರಿ."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ರೋಗಿಗೆ ಸಹಿ ಹಾಕಲು ಫಾರ್ಮು ಕೊಡುವಾಗ ಇರುವಂಥ ಧ್ವನಿ. ತಮಾಷೆಯೋ ಎಂದು ಮುಖ ನೋಡಿದೆ. ತಮಾಷೆಯಾಗಿರಲಿಲ್ಲ.

ಶಾಸನದ ಶಾಪದಲ್ಲಿ ಯಾರ ಹೆಸರೂ ಇರುವುದಿಲ್ಲ. ಯಾರು ಈ ದಾನವನ್ನು ಕೆಡಿಸುವರೋ ಅವರು, ಎಂದಷ್ಟೇ ಇರುತ್ತದೆ. ಅದೊಂದು ಅನುಕೂಲ. ಬರೆದೆ. ಅರವತ್ತು ಸಾವಿರ ವರ್ಷ ಬರೆದೆ, ಹುಳು ಬರೆದೆ, ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪವನ್ನೂ ಬರೆದೆ, ಯಾವುದನ್ನೂ ಬಿಡಲಿಲ್ಲ. ನನ್ನ ಅಕ್ಷರ ಮೊದಲಿಂದಲೂ ದುಂಡಗೆ. ಕೆಳಗೆ ಸಹಿ ಹಾಕಿದೆ, ಯಾಕೆಂದರೆ ಬರೆದವನು ಸಹಿ ಹಾಕುವುದು ಪದ್ಧತಿ.

ಅವರು ಓದಿ, ಮಡಚಿ, ಡ್ರಾಯರಿನಲ್ಲಿಟ್ಟರು. "ಈಗ ಪೂರಾ ಆತು," ಎಂದರು.

ಫಲಕವನ್ನು ನನ್ನ ಕೈಗೇ ಕೊಟ್ಟು ಕಾರಿನವರೆಗೆ ಬಂದರು. ರಸ್ತೆಯ ಬಗ್ಗೆ ಎಚ್ಚರ ಹೇಳಿದರು. ಎಂಬತ್ತೈದನೆಯ ಹೆದ್ದಾರಿಯಲ್ಲಿ ರಿಪೇರಿ ನಡೆಯುತ್ತಿದೆ, ಒಳದಾರಿ ಹಿಡಿಯಿರಿ ಎಂದರು. ಅತಿಥಿಗೆ ಹೇಳಬೇಕಾದ್ದರಲ್ಲಿ ಒಂದನ್ನೂ ತಪ್ಪಿಸಲಿಲ್ಲ.

ಸಾಮ್ರಾಜ್ಯದ ಅವಸಾನವನ್ನು ಹೇಳದಿದ್ದರೆ ಇತಿಹಾಸ ಅಪೂರ್ಣವಾಗುತ್ತದೆ. ಚರ್ಚಿನ ತರಗತಿ ಎರಡನೆಯ ಪರೀಕ್ಷೆಗೆ ಮೊದಲೇ ನಿಂತಿತು. ಅಧ್ಯಕ್ಷರಿಗೆ ಬೇರೆ ದೇಶಕ್ಕೆ ವರ್ಗವಾಯಿತು. ಒಕ್ಕೂಟ ಅವರ ರಿಕ್ಲೈನರಿನ ಜೊತೆಯಲ್ಲೇ ಖಾಲಿಯಾಯಿತು. ಅಟ್ಲಾಂಟಾದವರು "ತುಂಬಾ ಸಂತೋಷ" ಎಂದು ಬರೆದರು. ಈ ಸಲ ಮನಸ್ಸಿನಿಂದ ಬರೆದಿರಬಹುದು. ಅಷ್ಟರಲ್ಲಿ ನಡೆದಿದ್ದ ಎರಡನೆಯ ಸಮ್ಮೇಳನದಲ್ಲಿ ನನ್ನ ಉಪನ್ಯಾಸ ನಡೆಯಲಿಲ್ಲ. ಅದಕ್ಕೆ ಮೊದಲು ಇಟ್ಟಿದ್ದ ಮಕ್ಕಳ ಫ್ಯಾನ್ಸಿ ಡ್ರೆಸ್ ಲಂಬಿಸಿ, ಊಟದ ಹೊತ್ತಾಗಿ, ಮೈಕಿನವನು ವೈರು ಸುತ್ತಿಕೊಂಡು ಹೋದ.

ಅಂದು ಕೆರೊಲೈನಾದಿಂದ ಮನೆ ತಲುಪಿದಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ನೇರವಾಗಿ ಕಾರಿನ ಹಿಂದಿನ ಬಾಗಿಲು ತೆರೆದು, ಸೀ‌ಟಿನ ಮೇಲೆ ನೋಡಿದಳು. ಫಲಕ ಇತ್ತು.

"ರೊಟ್ಟಿ?" ಎಂದಳು.

"ಕೊಡಲಿಲ್ಲ."

ಅವಳು ಬಾಗಿಲು ಮುಚ್ಚಿ ಒಳಗೆ ಹೋದಳು.